ಬೆರಳಿಗೊಂದು ನಿಂಬೆಹಣ್ಣು

ತೋರುಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡ ಹೆಂಗಸೊಬ್ಬಳು ಅದೇ ಬೆರಳನ್ನು ನಿಮ್ಮ ಮೂಗಿನ ಮುಂದೆ ಆಡಿಸುತ್ತಾ ಬೈಯತೊಡಗಿದರೆ ನೀವು ಏನು ಮಾಡುತ್ತೀರಿ?

ನಗುತ್ತೀರಿ ತಾನೆ? ನನಗೂ ನಗು ಬಂತು. ಆದರೆ ನಗುವ ಹಾಗಿರಲಿಲ್ಲ. ಯಾಕೆಂದರೆ ಎಂಟು ದಿನದ ಹಿಂದೆ ಆ ಬೆರಳಿನ ಉಗುರಿಗೆ ಬಣ್ಣ ಹಚ್ಚಿದ್ದವಳು ನಾನೇ.

ವಾರವಾರ ಪತ್ರಿಕೆಯ ಈ ಅಂಕಣದಲ್ಲಿ ಕೂತು ನಿಮ್ಮ ತಲೆ ತಿನ್ನುವ ನನಗೆ ಇನ್ನೊಂದು ಕಸುಬೂ ಇದೆ ಎಂದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಹೊನ್ನಾಳಿ ಬಸ್ ಸ್ಟ್ಯಾಂಡ್ ಹತ್ತಿರ ಶಿವಕ್ಕನ ಬಳೆ ಅಂಗಡಿ ಇದೆಯಲ್ಲ, ಅದರ ಮೂಲೆಯಲ್ಲಿ ಒಂದು ಸ್ಟೂಲು, ಒಂದು ಟ್ರೇ, ಹನ್ನೊಂದು ಬಣ್ಣದ ಸೀಸೆ. ಅದೇ ನನ್ನ ಸಾಮ್ರಾಜ್ಯ. ದಾವಣಗೆರೆಯ ಬ್ಯೂಟಿ ಪಾರ್ಲರ್ ಒಂದರಲ್ಲಿ ಎರಡು ತಿಂಗಳು ಕಲಿತು ಬಂದು ಹೋದ ದೀಪಾವಳಿಗೆ ಶುರು ಮಾಡಿದೆ. ‘ಇಲ್ಲಿ ಹೆಂಗಸರ ಉಗುರುಗಳನ್ನು ಅಂದಗೊಳಿಸಲಾಗುವುದು’ ಎಂದು ಬೋರ್ಡೂ ಬರೆಸಿದೆ. ಮೊದಲ ವಾರ ಬಂದವರೆಲ್ಲ ಬೋರ್ಡು ಓದಿ, ನನ್ನನ್ನು ಒಮ್ಮೆ ನೋಡಿ, ಬಳೆ ಇಡಿಸಿಕೊಂಡು ಹೋದರು.

ಊರಿಗೆ ಟೀವಿ ಬಂದಿದೆ, ಮದುವೆ ಮನೆಗೆ ವೀಡಿಯೋ ಬಂದಿದೆ, ಉಗುರಿಗೆ ಮಾತ್ರ ಬಣ್ಣ ಬರಬಾರದೇ? ಹೀಗೆಲ್ಲ ವಾದ ಮಾಡಿ ಅಪ್ಪನನ್ನು ಒಪ್ಪಿಸಿದ್ದೆ. ಅಪ್ಪ ಟೈಲರ್. ಅದೇ ರಸ್ತೆಯಲ್ಲಿ ನಾಲ್ಕು ಅಂಗಡಿ ಆಚೆ ಅವರ ಮಷೀನು. ಒಪ್ಪಿದರೇನೋ ನಿಜ, ಒಂದು ಕರಾರು ಹಾಕಿದರು.

“ಮಾಡವ್ವಾ, ಬ್ಯಾಡ ಅನ್ನಲ್ಲ. ಆದ್ರೆ ಒಂದೇ ಒಂದು ದೂರು ನನ್ನ ಕಿವಿಗೆ ಬಿತ್ತು ಅಂದ್ರೆ ಸೀಸೆ ಕಟ್ಟಿಟ್ಟು ಮನೆಗೆ ಬಂದುಬಿಡ್ಬೇಕು. ಮಂದಿ ಬಾಯಿಗೆ ಬೀಳಾಕೆ ನನ್ ಕೈಲಿ ಆಗಲ್ಲ.”

ಒಂದೇ ಒಂದು ದೂರು! ಹೊಸದಾಗಿ ಕಸುಬಿಗೆ ಇಳಿದವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಉಂಟೆ?

ನಿಜ ಹೇಳಬೇಕೆಂದರೆ ದೂರು ಮೊದಲ ಗಿರಾಕಿಯಿಂದಲೇ ಬಂದಿತ್ತು (ಅಪ್ಪನ ಕಿವಿಗೆ ಬೀಳದಂತೆ ನೋಡಿಕೊಂಡೆ, ಅಷ್ಟೇ). ಹಚ್ಚಿ ಹತ್ತು ನಿಮಿಷ ಕಾಯದೆ ಮನೆಗೆ ಹೋಗಿ ರೊಟ್ಟಿ ತಟ್ಟಲು ಕೂತ ಒಬ್ಬಾಕೆ, ರೊಟ್ಟಿಯೆಲ್ಲ ಕೆಂಪಾಯಿತು ಎಂದು ಬಂದಳು. ಸೀಸೆಯಲ್ಲಿ ಗುಲಾಬಿ ಇದ್ದದ್ದು ಬೆರಳಲ್ಲಿ ಕಿತ್ತಳೆ ಆಗಿದೆ ಎಂದು ಇನ್ನೊಬ್ಬಾಕೆ. ಎಲ್ಲರಿಗೂ ನನ್ನ ಉತ್ತರ ಒಂದೇ, ತಪ್ಪು ನಿಮ್ಮದು. ಪಟಪಟ ಉತ್ತರ ಕೊಡುವುದೇ ಧೈರ್ಯ ಎಂದು ನಾನು ತಿಳಿದಿದ್ದೆ.

ಆಗ ಬಂತು ನಿಂಬೆಹಣ್ಣು.

ಬೆರಳಿಗೆ ಉಗುರುಸುತ್ತು ಆದರೆ ನಮ್ಮ ಕಡೆ ಇದೇ ಮದ್ದಲ್ಲವೇ? ನಿಂಬೆಹಣ್ಣಿಗೆ ತೂತು ಕೊರೆದು ಬೆರಳಿಗೆ ತೊಡಿಸಿಬಿಡುವುದು. ನ್ಯಾಮತಿಯ ಹಾಲಮ್ಮಕ್ಕ ಹಾಗೆ ತೊಟ್ಟುಕೊಂಡೇ ಬಸ್ಸು ಹತ್ತಿದ್ದಳು. ದಾರಿಯುದ್ದಕ್ಕೂ ಬಸ್ಸಿನವರೆಲ್ಲ ವಿಚಾರಿಸಿದ್ದಾರೆ. ಎಲ್ಲರಿಗೂ ನನ್ನ ಕತೆ ಹೇಳಿಕೊಂಡೇ ಬಂದಿದ್ದಾಳೆ.

“ಏನವ್ವಾ ಬಣ್ಣ ಹಚ್ಚೋಳೇ, ಏನ್ ಹಚ್ಚಿದ್ಯೋ ನೋಡಿಲ್ಲಿ! ಮೂರು ದಿನ ಆತು ಕಣ್ಣಿಗೆ ನಿದ್ದೆಯಿಲ್ಲ. ಅಡಿಕೆ ಸುಲಿಯಾಕೆ ಕೂತ್ರೆ ಬೆರಳು ಮಡಿಚಾಕೆ ಬರಲ್ಲ. ನಿನ್ನ ಬಣ್ಣದಾಗೆ ಏನೈತೆ, ವಿಷ ಐತಾ?”

ಅಂಗಡಿಯಲ್ಲಿ ಮೂವರು ಹೆಂಗಸರಿದ್ದರು. ಅವರಲ್ಲಿ ಒಬ್ಬರು ಚನ್ನಗಿರಿಯವರು, ಎಲ್ಲರೂ ದೊಡ್ಡಮ್ಮ ಎಂದೇ ಕರೆಯುವ ಹಿರಿಯರು. ತಮ್ಮನ ಮಗಳ ಮದುವೆಗೆ ಬಣ್ಣ ಹಚ್ಚಲು ನನ್ನನ್ನು ಕರೆಯಲೆಂದೇ ಬಂದವರು. ನನ್ನ ಬದುಕಿನ ಮೊದಲ ಮದುಮಗಳು! ದೊಡ್ಡಮ್ಮ ಸ್ಯಾಂಪಲ್ ನೋಡಲೆಂದು ಚಾಚಿದ್ದ ಕೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡರು. ನಾನು ನೋಡಿದೆ.

“ಬಣ್ಣದಿಂದ ಉಗುರುಸುತ್ತು ಆಗಲ್ರೀ ಅಕ್ಕಾರೆ. ಅಡಿಕೆ ಸುಲಿಯೋವಾಗ ನೀವೇ ಏನೋ ತಾಗಿಸ್ಕೊಂಡಿರ್ತೀರಿ,” ಎಂದೆ. ರೆಡಿ ಇತ್ತಲ್ಲ ಉತ್ತರ!

“ಓಹೋಹೋ! ನನ್ನ ಬೆರಳು ಬಾತಿದ್ದೂ ನನ್ನದೇ ತಪ್ಪಾ?”

ನಿಂಬೆಹಣ್ಣು ಇನ್ನೂ ಒಂದು ಗೇಣು ಹತ್ತಿರ ಬಂತು. ಹಿಂದೆ ಸರಿಯೋಣವೆಂದು ನೋಡಿದರೆ ಬಾಗಿಲಲ್ಲಿ ಯಾರು? ಕೊರಳಲ್ಲಿ ಟೇಪು ನೇತುಹಾಕಿಕೊಂಡು ಅಪ್ಪ! ಹಾಲಮ್ಮಕ್ಕ ಅಂಗಡಿಯ ದಾರಿ ಮರೆತು ಅವರನ್ನೇ ವಿಳಾಸ ಕೇಳಿದ್ದಾಳೆ. ಅಪ್ಪ ದಾರಿ ತೋರಿಸಲು ಜೊತೆಗೇ ಬಂದಿದ್ದಾರೆ. ದೂರನ್ನು ಹೀಗೆ ಕೈಹಿಡಿದು ಮಗಳ ಅಂಗಡಿಗೆ ಕರೆತಂದ ಅಪ್ಪನನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಮುಗಿಯಿತು ಕತೆ ಎಂದುಕೊಂಡೆ. ಅಷ್ಟರಲ್ಲಿ ಬಳೆ ಜೋಡಿಸುತ್ತಿದ್ದ ಶಿವಕ್ಕ ತಲೆಯನ್ನೂ ಎತ್ತದೆ ಮೆಲ್ಲಗೆ ಅಂದಳು, “ಕೈ ಹಿಡಿಯೇ ಮೊದ್ಲು. ಮಾತು ಆಮ್ಯಾಲೆ.”

ಶಿವಕ್ಕ ಬಳೆ ಇಡುವುದನ್ನು ನೀವು ನೋಡಬೇಕು. ಗಿರಾಕಿ ಎಷ್ಟೇ ರೇಗಲಿ, ಆಕೆ ಮೊದಲು ಅವರ ಕೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಾಳೆ. ಅಂಗೈ ಒತ್ತಿ ಮೆತ್ತಗೆ ಮಾಡುತ್ತಾಳೆ. ಆಮೇಲೆಯೇ ಅಳತೆ, ಆಮೇಲೆಯೇ ಮಾತು. ತನ್ನ ಕೈ ಇನ್ನೊಬ್ಬರ ಕೈಯಲ್ಲಿದ್ದಾಗ ಯಾರಿಗೂ ಜೋರಾಗಿ ಕೂಗಾಡಲು ಆಗುವುದಿಲ್ಲವಂತೆ. (ಬೇಕಾದರೆ ಇವತ್ತೇ ಮನೆಯಲ್ಲಿ ಪರೀಕ್ಷಿಸಿ.)

ನಾನು ಹಾಲಮ್ಮಕ್ಕನ ಕೈ ಹಿಡಿದೆ. ಸ್ಟೂಲಿನ ಮೇಲೆ ಕೂರಿಸಿದೆ. ನಿಂಬೆಹಣ್ಣನ್ನು ನೋವಾಗದಂತೆ ನಿಧಾನ ಬಿಡಿಸಿದೆ. ಬೆರಳು ಕೆಂಪಗೆ ಊದಿತ್ತು. ಪಾಪ ಎನಿಸಿತು. ಉಳಿದ ಒಂಬತ್ತು ಉಗುರುಗಳು ಮಾತ್ರ ಎಂಟು ದಿನವಾದರೂ ಪಳಪಳ ಹೊಳೆಯುತ್ತಿದ್ದವು. ಅಂಥ ಹೊತ್ತಿನಲ್ಲೂ ನನಗೆ ಹೆಮ್ಮೆ ಎನಿಸಿತು ನೋಡಿ, ನಾನೆಂಥವಳು!

ಆದರೆ ಊದಿದ ಉಗುರಿನ ಬುಡದಲ್ಲಿ ಒಂದು ಸಣ್ಣ ಗೀರು ಇತ್ತು. ನೇರವಾದ ಗೀರು. ಅಡಿಕೆಯಿಂದ ಅಂಥ ಗೀರು ಆಗುವುದಿಲ್ಲ. ಕತ್ತರಿಯಿಂದ ಆಗುತ್ತದೆ.

ದಾವಣಗೆರೆಯಲ್ಲಿ ಕಲಿಸಿದಾಕೆ ಸಾರಿ ಸಾರಿ ಹೇಳಿದ್ದಳು, ಉಗುರಿನ ಬುಡದ ಚರ್ಮವನ್ನು ಹಿಂದಕ್ಕೆ ಒತ್ತಬೇಕು, ಕತ್ತರಿಸಬಾರದು ಎಂದು. ಹಾಲಮ್ಮಕ್ಕನದು ದುಡಿದು ಒರಟಾದ ಕೈ. ಚರ್ಮ ದಪ್ಪಗಿತ್ತು. ಒತ್ತಿದರೆ ಜರುಗಲಿಲ್ಲ. ಟ್ರೇನಲ್ಲಿ ಚೂಪಾದ ಕತ್ತರಿ ಇತ್ತು, ಕೈಚಳಕ ತೋರಿಸುವ ಹುಮ್ಮಸ್ಸೂ ಇತ್ತು. ಚಕ್ ಎಂದು ಕತ್ತರಿಸಿದ್ದೆ. ಆಮೇಲೆ ಆಕೆ ಆ ಬೆರಳಲ್ಲೇ ದಿನವಿಡೀ ಹಸಿ ಅಡಿಕೆ ಸುಲಿದಿದ್ದಾಳೆ. ಕೀವು ತುಂಬದೆ ಇನ್ನೇನು?

ಗೀರು ಕಂಡದ್ದು ನನಗೊಬ್ಬಳಿಗೇ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಾಗಿಲಲ್ಲಿ ಅಪ್ಪ, ಪಕ್ಕದಲ್ಲಿ ಚನ್ನಗಿರಿಯ ದೊಡ್ಡಮ್ಮ. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?

“ಅಕ್ಕಾರೆ, ಬಣ್ಣದಿಂದ ಆಗಿದ್ದಲ್ಲ. ನನ್ನ ಕತ್ತರಿಯಿಂದ ಆಗಿದ್ದು. ಇಲ್ಲಿ ಕತ್ತರಿಸಬಾರ್ದಿತ್ತು, ಕತ್ತರಿಸಿಬಿಟ್ಟೆ. ತಪ್ಪು ನಂದು.”

ಹಾಲಮ್ಮಕ್ಕ ನನ್ನನ್ನೇ ನೋಡಿದಳು. ನಿಂಬೆಹಣ್ಣು ನೋಡಿದಳು. ಮತ್ತೆ ನನ್ನನ್ನು ನೋಡಿದಳು.

“ಅಯ್ಯ, ಹಿಂಗೆ ಒಪ್ಪಿಕೊಂಡುಬಿಟ್ರೆ ನಾನು ಬೈಯೋದು ಹೆಂಗೆ? ನ್ಯಾಮತಿಯಿಂದ ಇಲ್ಲೀತನಕ ಬಸ್ಸಾಗೆ ಒಂದೊಂದೇ ಮಾತು ಜೋಡಿಸ್ಕೊಂಡು ಬಂದಿದ್ನಲ್ಲೇ!”

ಮೊದಲು ನಕ್ಕವಳು ಶಿವಕ್ಕ. ಆಮೇಲೆ ಎಲ್ಲರೂ. ನಾನೊಬ್ಬಳು ಮಾತ್ರ ಅತ್ತೆ.

ಹಾಲಮ್ಮಕ್ಕನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಕೀವು ತೆಗೆದು ಪಟ್ಟಿ ಕಟ್ಟಿದರು. ಈ ಉಗುರು ಬೀಳಬಹುದು, ಆದರೆ ಹೊಸದು ಬರುತ್ತದೆ, ಗಾಬರಿ ಬೇಡ ಎಂದರು. ಆಕೆಯನ್ನು ನ್ಯಾಮತಿ ಬಸ್ಸಿಗೆ ಹತ್ತಿಸಿ ಅಂಗಡಿಗೆ ಬಂದರೆ ಅಪ್ಪ ನನ್ನ ಸ್ಟೂಲಿನ ಮೇಲೇ ಕೂತಿದ್ದರು. ಕೈಯಲ್ಲಿ ಆ ಕತ್ತರಿ.

“ಇದು ನನ್ನ ಕಾಜಾ ಕತ್ತರಿ ಅಲ್ಲೇನೇ? ತಿಂಗಳಿಂದ ಹುಡುಕಿ ಹುಡುಕಿ ಸಾಕಾಗೇತಿ.”

ಹೌದು, ಅದು ಅಂಗಿಯ ಗುಂಡಿಗೆ ಕಾಜಾ ಕತ್ತರಿಸುವ ಕತ್ತರಿ. ಅಪ್ಪನ ಮಷೀನಿನ ಡ್ರಾಯರಿನಿಂದ ನಾನೇ ಎತ್ತಿಕೊಂಡು ಬಂದದ್ದು. ಬಟ್ಟೆಗೆ ಮಾಡುವುದನ್ನು ಬೆರಳಿಗೆ ಮಾಡಿದ್ದೆ. ಟೈಲರ್ ಮಗಳು ಬಿಟ್ಟು ಇನ್ಯಾರು ಇಂಥ ಎಡವಟ್ಟು ಮಾಡಲು ಸಾಧ್ಯ? ನಾನು ಸೀಸೆಗಳನ್ನು ಬ್ಯಾಗಿಗೆ ತುಂಬತೊಡಗಿದೆ.

“ಎಲ್ಲಿಗೆ ಹೊಂಟೆ?”

“ಮನೆಗೆ. ದೂರು ಬಂತಲ್ಲಪ್ಪಾ.”

ಅಪ್ಪ ಕತ್ತರಿಯನ್ನು ಜೇಬಿಗೆ ಹಾಕಿಕೊಂಡು ಎದ್ದರು. “ದೂರು ಬಂದಿರೋದು ಕತ್ತರಿ ಮ್ಯಾಲೆ. ಅದು ಮನೆಗೆ ಹೋಗ್ತೈತೆ. ನೀನು ಕೂತ್ಕೊ.”

ಅಷ್ಟೇ ಹೇಳಿ ಹೋಗಿಬಿಟ್ಟರು. ನನಗೆ ಕುಣಿಯುವುದೊಂದು ಬಾಕಿ! ಅವತ್ತು ಆದ ಸಂತೋಷ ಎಸ್ಸೆಸ್ಸೆಲ್ಸಿ ಪಾಸಾದಾಗಲೂ ಆಗಿರಲಿಲ್ಲ. ದೊಡ್ಡಮ್ಮ ಇನ್ನೂ ಅಲ್ಲೇ ಇದ್ದರು. “ಕತ್ತರಿ ಹೋತಲ್ಲ, ಈಗ ಭಯ ಇಲ್ಲ ಬಿಡು. ಸೋಮವಾರ ಚನ್ನಗಿರಿಗೆ ಬಂದುಬಿಡವ್ವಾ,” ಎಂದು ಸೆರಗಿನಿಂದ ಕೈ ಹೊರಗೆ ತೆಗೆದರು.

ಹೋದೆ. ಮದುಮಗಳ ಹತ್ತು, ಅವಳ ಅಕ್ಕತಂಗಿಯರ ಇಪ್ಪತ್ತು, ಕೊನೆಗೆ ಅಜ್ಜಿಯದೂ ಹತ್ತು ಉಗುರಿಗೆ ಹಚ್ಚಿದೆ. ಅಲ್ಲಿಗೆ ಬಂದಿದ್ದ ಜಗಳೂರಿನ ನೆಂಟರ ಹೆಂಗಸೊಬ್ಬಳಿಗೂ ಹಚ್ಚಿದೆ. ಹದಿನೈದು ದಿನಕ್ಕೆ ಅವಳು ಹೊನ್ನಾಳಿಯಲ್ಲಿ ಪ್ರತ್ಯಕ್ಷ! “ಶೇಂಗಾ ಸುಲಿದ್ರೆ ತುದಿಯೆಲ್ಲ ಎದ್ದು ಬಂತಲ್ರೀ,” ಎಂದಳು. ಹಳೆಯ ನಾನಾಗಿದ್ದರೆ ಶೇಂಗಾ ಸುಲಿಯಬೇಡಿ ಎನ್ನುತ್ತಿದ್ದೆ. ಜಗಳೂರಿನವರಿಗೆ ಶೇಂಗಾ ಸುಲಿಯಬೇಡಿ ಎನ್ನಲಾದೀತೇ?

“ಕೈ ಕೊಡ್ರಿ ನೋಡಾಣ,” ಎಂದೆ. ಉಗುರನ್ನು ತುದಿಗೆ ಮೋಟು ಮಾಡಿದೆ. ಬಣ್ಣವನ್ನು ಅಂಚಿಗೂ ಎಳೆದು ಹಚ್ಚಿದೆ. ಆಮೇಲೆ ಎದ್ದು ಬಂತು ಎಂಬ ಸುದ್ದಿಯಿಲ್ಲ. ಈಗ ಎಲ್ಲರಿಗೂ ಹಾಗೇ ಹಚ್ಚುತ್ತೇನೆ. ಕಲಿಸಿದ್ದು ಯಾರು? ದೂರು ಹೇಳಿದವಳು! ಸುಮ್ಮನೆ ನಕ್ಕು ಹೋಗಿ ಮತ್ತೆ ಈ ಕಡೆ ತಲೆ ಹಾಕದ ಗಿರಾಕಿಗಳಿಂದ ನಾನು ಏನೂ ಕಲಿತಿಲ್ಲ. ಬಸ್ಸು ಹತ್ತಿ ಬಂದು ಬೈಯುವವರಿಗೆ ನಮ್ಮ ಮೇಲೆ ಇನ್ನೂ ಆಸೆ ಇದೆ ಎಂದರ್ಥ ಅಲ್ಲವೇ?

ಇದನ್ನೆಲ್ಲ ಇವತ್ತು ಯಾಕೆ ಬರೆದೆ ಎಂದರೆ, ಮೊನ್ನೆ ಹಾಲಮ್ಮಕ್ಕ ಬಂದಿದ್ದಳು. ಯುಗಾದಿ ಕಳೆದ ಮೇಲೆ ಮೊದಲ ಸಲ. ಬಂದವಳೇ ಅದೇ ತೋರುಬೆರಳನ್ನು ಮೂಗಿನ ಮುಂದೆ ಹಿಡಿದಳು. ಈ ಸಲ ನಿಂಬೆಹಣ್ಣು ಇರಲಿಲ್ಲ. ಹಳೆಯದು ಬಿದ್ದು ಹುಟ್ಟಿದ ಹೊಸ ಉಗುರು, ಮಗುವಿನ ಉಗುರಿನ ಹಾಗೆ ತೆಳ್ಳಗೆ, ನಸುಗೆಂಪಾಗಿ ಇತ್ತು.

“ಹಚ್ಚವ್ವಾ ಇದಕ್ಕೆ.”

“ಹೆದರಿಕೆ ಆಗಲ್ವಾ ಅಕ್ಕಾರೆ?”

“ನನಗ್ಯಾಕೆ ಹೆದರಿಕೆ? ನಿನಗಾಗ್ತೈತಾ?”

ನಾನು ಆಕೆಯ ಕೈ ಹಿಡಿದೆ. ಸೀಸೆ ತೆರೆದೆ. ಬುಡದ ಚರ್ಮವನ್ನು ಮೆಲ್ಲಗೆ ಹಿಂದಕ್ಕೆ ಒತ್ತಿ, ಬಣ್ಣವನ್ನು ಅಂಚಿನವರೆಗೂ ಎಳೆದೆ.

ನೀವೇ ಹೇಳಿ, ಹೊಸ ಉಗುರು ಬಂದದ್ದು ಹಾಲಮ್ಮಕ್ಕನಿಗೋ, ನನಗೋ?