ಲಕ್ಕಣ್ಣನವರ ಕೊನೆಯ ಹರಳು

ಗಂಗೆಯನ್ನು ಜಟೆಯೊಳಗೆ ಹಿಡಿದಿಟ್ಟ ಪರಶಿವನ ಪಾದಗಳಿಗೆ ಶರಣು. ಆತನಂತೆಯೇ ಒಡಲೊಳಗೆ ನೀರನ್ನು ಹಿಡಿದ ಹರಳೊಂದರ, ಅದನ್ನು ಕಾದ ಹೆಣ್ಣುಮಗಳೊಬ್ಬರ ಕಥನವಿದು.

ಕಡೂರಿನ ಕಾಲೇಜೊಂದರ ಪ್ರಯೋಗಾಲಯ. ಆಗಷ್ಟೇ ಬೆಳಕು ಹರಿಯುತ್ತಿದೆ. ಅಜ್ಜಂಪುರದಿಂದ ಮೊದಲ ಬಸ್ಸಿಗೆ ಬಂದ ಅಟೆಂಡರ್ ಭಾಗಮ್ಮ ಕಿಟಕಿಗಳನ್ನು ಮುಚ್ಚಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳುತ್ತಾರೆ. ಹೊರಗೆ ಇಬ್ಬನಿ, ಒಳಗೆ ತೇವದ ಸುಳಿವೂ ಇರಬಾರದು.

ಮೈಲುತುತ್ತದಂತಹ ಹರಳುಗಳೊಳಗೆ ನೀರಿನ ಅಣುಗಳು ನೆಲೆಸಿರುತ್ತವೆ. ಕಣ್ಣಿಗೆ ಕಾಣದ ಅವಕೆಂಪು ಬೆಳಕು ಹಾಯಿಸಿದರೆ ಆ ಅಣುಗಳು ಕಂಪಿಸುತ್ತವೆ. ಆ ಕಂಪನವನ್ನು ಯಂತ್ರ ಗೆರೆಯಾಗಿ ಬರೆಯುತ್ತದೆ. ಅದಕ್ಕೆ ಮೊದಲು ಹರಳನ್ನು ಒಣ ಉಪ್ಪಿನೊಡನೆ ಅರೆದು, ಒತ್ತಿ, ಬಿಲ್ಲೆ ಮಾಡಬೇಕು. ಆ ಉಪ್ಪು ಉಸಿರಿನ ತೇವವನ್ನೂ ಹೀರುತ್ತದೆ. ಹೊರಗಿನ ನೀರು ಬೆರೆತರೆ ಒಳಗಿನ ನೀರಿನ ಗುರುತು ಅಳಿಯುತ್ತದೆ. ಹೀಗೆ ಅರೆಯುವುದೇ ಭಾಗಮ್ಮನವರ ಕಾಯಕ.

ಮೊದಲು ಇದು ಪತಿ ಲಕ್ಕಣ್ಣನವರದಾಗಿತ್ತು. ತರೀಕೆರೆ ರಸ್ತೆಯ ಅಪಘಾತದಲ್ಲಿ ಅವರು ತೀರಿಕೊಂಡ ಮೇಲೆ ಅನುಕಂಪದ ನೌಕರಿ ಇವರಿಗೆ ಬಂತು. ಜೊತೆಗೆ, ಅವರು ಮುಚ್ಚಿದ ಸೀಸೆಯಲ್ಲಿ ದಾರಕ್ಕೆ ಬೆಳೆಸಿದ್ದ, ಎಳ್ಳುಕಾಳಿನಷ್ಟೇ ದೊಡ್ಡದಾದ ಒಂದು ನೀಲಿ ಹರಳೂ ಬಂತು. ಸಾಮಾನ್ಯ ನೀರಿಗಿಂತ ತೂಕವಾದ ಭಾರಜಲದಲ್ಲಿ ಬೆಳೆದ ಅಂಥದು ಅಲ್ಲಿ ಇನ್ನೊಂದಿಲ್ಲ.

"ಹಬ್ಬದ ದಿನಾನೂ ಇದನ್ನ ನೋಡೋಕೆ ಓಡಿಬರೋರು. ಇದು ನನ್ ಸವತಿ ಅಂತ ರೇಗಿಸ್ತಿದ್ದೆ. ಈಗ ಸವತೀನ ನಾನೇ ಸಾಕ್ತಿದೀನಿ ಕಣ್ರೀ," ಎಂದು ಭಾಗಮ್ಮ ನೋಡಲು ಬಂದ ನಮಗೆ ಹೇಳಿ ನಗುತ್ತಾರೆ. ನಗೆ ಬಹಳ ಹೊತ್ತು ನಿಲ್ಲುವುದಿಲ್ಲ. ಇಂದು ಅರೆಯಬೇಕಾದದ್ದು ಅದನ್ನೇ.

ಹರಳುಗಳೊಳಗಿನ ನೀರಿನ ಬಗ್ಗೆ ಸಂಶೋಧನೆ ನಡೆಸುತ್ತಿರುವ ಸ್ಫೂರ್ತಿ ಸೀಸೆ ಹಿಡಿದು ಹಿಂಜರಿಯುತ್ತಾರೆ. "ಅಮ್ಮಾ, ಮನಸ್ಸಿಲ್ದಿದ್ರೆ ಬಿಡೋಣ."

"ಬಿಟ್ರೆ ಅವ್ರು ಪಟ್ಟ ಪಾಡೆಲ್ಲ ಸೀಸೇಲೇ ಉಳೀತದೆ. ಕೊಡವ್ವ ಇಲ್ಲಿ."

ಖಲ್ಬತ್ತಿನೊಳಗೆ ಹರಳು ಚಿಟ್ಟೆಂದು ಒಡೆಯುತ್ತದೆ. ಭಾಗಮ್ಮನವರ ಕಣ್ಣು ತುಂಬುತ್ತದೆ. ಕೈ ನಿಲ್ಲಿಸಿ, ಮುಖವನ್ನು ಸೂರಿನತ್ತ ಎತ್ತಿ, ರೆಪ್ಪೆ ಮಿಟುಕಿಸದೆ ಕಾಯುತ್ತಾರೆ. ಕಣ್ಣು ಆರಿದ ಬಳಿಕ ಮತ್ತೆ ಅರೆಯುತ್ತಾರೆ. ಮತ್ತೆ ತುಂಬಿದರೆ, ಮತ್ತೆ ನಿಲ್ಲಿಸುತ್ತಾರೆ. ನೀಲಿ ಮಾಸಿ ಪುಡಿಯಾಗುತ್ತದೆ.

ಉಪ್ಪಿನೊಡನೆ ಒತ್ತಿದ ಬಿಲ್ಲೆಯನ್ನು ಇಟ್ಟೊಡನೆ ಯಂತ್ರ ಗೆರೆ ಎಳೆಯುತ್ತದೆ. ಒಂದೆಡೆ ಅದು ಆಳವಾಗಿ ಇಳಿಯುತ್ತದೆ.

"ಇದೇನಾ ಅವ್ರ ನೀರು?"

"ಹೌದಮ್ಮಾ. ಇಲ್ಲೇ ನಡುಗ್ತಿದೆ, ನೋಡಿ. ಬೇರೆ ನೀರು ಬೆರೆತಿಲ್ಲ."

"ಇದರ ಬಗ್ಗೆ ಬರೀವಾಗ ಅವ್ರ ಹೆಸರು ಒಂದು ಹಾಕವ್ವ. ನಂದು ಬೇಡ."

ಭಾಗಮ್ಮ ಹೊರಜಗಲಿಗೆ ಬಂದು, ಬಾಗಿಲೆಳೆದು, ಮುಖದ ಬಟ್ಟೆ ಬಿಚ್ಚುತ್ತಾರೆ. ಇಷ್ಟು ಹೊತ್ತು ತಡೆದದ್ದು ಈಗ ಧಾರೆಯಾಗಿ ಇಳಿಯುತ್ತದೆ.

"ಒಳಗೆ ಒಂದು ಹನೀನೂ ಬೀಳಿಸ್ಲಿಲ್ಲ ಕಣ್ರೀ."

ಇದನ್ನು ಓದಿದವರಿಗೂ ಕೇಳಿದವರಿಗೂ ಶಿವನು ಒಡಲ ತಂಪು ಆರದಂತೆ ಕಾಯಲಿ. ಅಳು ಬಂದಾಗ ಅಳುವುದಕ್ಕೊಂದು ತಾವನ್ನು ಕರುಣಿಸಲಿ.