ವೇಟಿಂಗ್ ಲಿಸ್ಟಿನ ಅಪ್ಪ

ಮಗಳು ಲಾವಣ್ಯಳ ಹೆಸರು ವಿಶ್ವವಿದ್ಯಾಲಯದ ವೇಟಿಂಗ್ ಲಿಸ್ಟಿಗೆ ಬಿದ್ದಂದಿನಿಂದ ಕೊಳ್ಳೇಗಾಲದ ನೇಕಾರ ಚೌಡಯ್ಯನ ಮೂಗಿನ ತುದಿಯಲ್ಲೇ ಸಿಟ್ಟು ಕೂತಿದೆ. ಬೆಳಗ್ಗೆ ಎದ್ದವನು ದೇವರಿಗೆ ಕೈ ಮುಗಿಯುವ ಮೊದಲು ಮೊಬೈಲ್ ನೋಡುತ್ತಾನೆ. ಏನೂ ಬಂದಿಲ್ಲವೆಂದು ದೇವರನ್ನೂ ಸೇರಿಸಿ ಬೈಯುತ್ತಾನೆ. ಮಗ್ಗದಲ್ಲಿ ಎಳೆ ಹರಿದರೂ ವಿಶ್ವವಿದ್ಯಾಲಯದ್ದೇ ತಪ್ಪು. ಟೀ ಅಂಗಡಿಯಲ್ಲಿ ಯಾರಾದರೂ "ಸೀಟಾಯ್ತಾ ಚೌಡಣ್ಣ?" ಎಂದರೆ, "ಆದ್ರೆ ತಮಟೆ ಒಡಿಸ್ತೀನಿ, ಸುಮ್ಕೆ ಟೀ ಕುಡಿಲಾ!" ಎಂದು ಎರಗುತ್ತಾನೆ. ಪಟ್ಟಿಯಲ್ಲಿ ಮಗಳಿಗಿಂತ ಮೇಲಿರುವ, ತಾನು ಮುಖವನ್ನೇ ಕಾಣದ ಮಕ್ಕಳ ಮೇಲಂತೂ ಕೆಂಡ ಕಾರುತ್ತಾನೆ: "ಎರಡೆರಡು ಕಡೆ ಸೀಟು ಇಡ್ಕಂಡವ್ರೆ ಕಣಮ್ಮಿ. ಬ್ಯಾಡ್ದಿದ್ರೆ ಬುಟ್ಕೊಡಕ್ಕೆ ಏನ್ ರೋಗ?" ಈ ಮಾತನ್ನು ಹೆಂಡತಿಗೆ ಹೇಳಿ, ಸಾಲದ್ದಕ್ಕೆ ಕೈಯಲ್ಲಿರುವ ಲಾಳಿಗೂ ಹೇಳುತ್ತಾನೆ. ನಿನ್ನೆ ಊಟಕ್ಕೆ ಕೂತಾಗ ಲಾವಣ್ಯ ಮೆಲ್ಲಗೆ, "ಅಪ್ಪ, ಇದು ಸಿಗ್ದಿದ್ರೆ ಇರ್ಲಿ ಅಂತ ನಾವೂ ಮೈಸೂರಿನ ಕಾಲೇಜಲ್ಲಿ ಒಂದು ಸೀಟು ಇಡ್ಕಂಡಿದೀವಲ್ಲ, ಅಲ್ಲೂ ಯಾರೋ ಕಾಯ್ತಿರ್ತಾರೆ" ಎಂದಳು. ಚೌಡಯ್ಯ ಮುದ್ದೆಯ ತುತ್ತನ್ನು ತಟ್ಟೆಗೆ ಕುಕ್ಕಿದ. "ನಂಗೊತ್ತಿಲ್ವಾ?" ಎಂದು ಗುಡುಗಿದ. "ಅವರಪ್ಪನೂ ಇಂಗೇ ನನ್ನ ಬೈತಿರ್ತಾನೆ. ಬೈಲಿ ಬುಡವ್ವ. ಅದ್ನೂ ಬುಟ್ರೆ ನೀನೆಲ್ಲಿಗ್ ಓಗೀಯೆ?"