ಒಂದೇ ಸಲ ಕೇಳುತ್ತಿದ್ದ ದೊರೆಸಾನಮ್ಮ

ನಮ್ಮ ದೊರೆಸಾನಮ್ಮನವರ ಪಾದಗಳು ಎಷ್ಟು ದೊಡ್ಡವೆಂದರೆ, ಬಂಗಾರಪೇಟೆಯಲ್ಲಿ ಹೆಂಗಸರಿಗೆಂದು ಮಾರುತ್ತಿದ್ದ ಯಾವ ಚಪ್ಪಲಿಯೂ ಅವರ ಕಾಲಿಗೆ ಹತ್ತುತ್ತಿರಲಿಲ್ಲ. ಆಂಡರ್ಸನ್‌ಪೇಟೆಯಲ್ಲಿ ಒಬ್ಬ ಮುದುಕ ಗಂಡಸರ ಅಳತೆಯಲ್ಲಿ ಹೊಲಿದುಕೊಟ್ಟ ಮೆಟ್ಟು ಹಾಕಿಕೊಂಡು, ಬಿಳಿ ಲಂಗವನ್ನು ಕಣಕಾಲಿನ ಮೇಲಕ್ಕೆ ಎತ್ತಿ ಹಿಡಿದು, ರಾಗಿ ಹೊಲದ ಬದುವಿನ ಮೇಲೆ ದಾಪುಗಾಲು ಹಾಕುತ್ತಿದ್ದರು. ಬಿಸಿಲಿಗೆ ಕೆಂಪಾದ ಆ ಪಾದಗಳ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕಂದು ಚುಕ್ಕೆಗಳಿದ್ದವು. ಔಷಧದ ಪೆಟ್ಟಿಗೆ ಹೊತ್ತು ಅವರ ಹಿಂದೆ ಓಡುತ್ತಿದ್ದವಳು ನಾನು. ಎಷ್ಟೋ ವರ್ಷ ಅವರ ಮುಖಕ್ಕಿಂತ ಹಿಮ್ಮಡಿಯನ್ನೇ ಹೆಚ್ಚು ನೋಡಿದ್ದೇನೆ.

ಅವರು ಮಿಷನ್ನಿನ ಕೆಲಸಕ್ಕೆಂದು ಇಂಗ್ಲೆಂಡಿನಿಂದ ಬಂದ ನರ್ಸು. ಬಂಗಾರಪೇಟೆಯಲ್ಲಿ, ಆಗ ಅದನ್ನು ಬೌರಿಂಗ್‌ಪೇಟೆ ಎನ್ನುತ್ತಿದ್ದರು, ಒಂದು ಸಣ್ಣ ಆಸ್ಪತ್ರೆ ನಡೆಸುತ್ತಿದ್ದರು. ನಾನು ಕಾಮಸಮುದ್ರದ ಕಡೆಯ ಒಕ್ಕಲು ಮನೆಯ ಹೆಣ್ಣು. ಗಂಡ ನಂದಿದುರ್ಗದ ಗಣಿಯಲ್ಲಿ ನೆಲದಡಿಯ ಕೆಲಸಕ್ಕೆ ಸೇರಿದ್ದ. ವಾರವೆಲ್ಲಾ ಅಲ್ಲೇ ಲೈನಿನಲ್ಲಿ, ಅಂದರೆ ಗಣಿ ಕೂಲಿಗಳ ಸಾಲು ಗುಡಿಸಲುಗಳಲ್ಲಿ, ಇದ್ದು ರಜೆಗೆ ಮನೆಗೆ ಬರುತ್ತಿದ್ದ. ನನ್ನ ಚೊಚ್ಚಲ ಮಗು ಹುಟ್ಟುವಾಗಲೇ ಹೋಯಿತು. ಎರಡನೆಯದನ್ನು ದೊರೆಸಾನಮ್ಮ ಕೈಗೆ ತೆಗೆದುಕೊಂಡರು, ಉಳಿಯಿತು. ಬಾಣಂತನ ಮುಗಿದ ಮೇಲೆ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಕೈಮುಗಿಯಲು ಹೋದರೆ, ಮುಗಿದ ಕೈಯನ್ನೇ ಹಿಡಿದು ತಿರುಗಿಸಿ ನೋಡಿ, "ಒಳ್ಳೇ ಕೈ. ನನ್ನ ಜೊತೆ ಕೆಲಸಕ್ಕೆ ಬತ್ತೀಯಾ?" ಎಂದರು.

ಅವರ ಕನ್ನಡವೇ ಒಂದು ತಮಾಷೆ. ಬಂದ ಹೊಸದರಲ್ಲಿ ಯಾರೋ ಪಂಡಿತರು ಗ್ರಂಥದ ಕನ್ನಡ ಕಲಿಸಿದ್ದರು. ಮಿಕ್ಕದ್ದನ್ನೆಲ್ಲಾ ಬಸುರಿ ಬಾಣಂತಿಯರ ಬಾಯಿಂದ ಕಲಿತಿದ್ದರು, ಅದರಲ್ಲಿ ಅರ್ಧ ತೆಲುಗು, ಕಾಲು ತಮಿಳು. ನಮ್ಮ ಹಾಗೆಯೇ ಹಕಾರ ನುಂಗಿ 'ಹೇಳಿ'ಯನ್ನು 'ಏಳಿ' ಎನ್ನುತ್ತಿದ್ದರು. "ಎಲೈ ಹೆಣ್ಣೇ, ಭಯಪಡತಕ್ಕದ್ದಲ್ಲ" ಎಂದು ಶುರುಮಾಡಿ, ಅದೇ ಉಸಿರಿನಲ್ಲಿ "ಸುಮ್ಕೆ ಮುಕ್ಕಮ್ಮೀ, ಯಾಕಿಂಗ್ ಕಿರುಚ್ತೀಯಾ" ಎಂದು ಮುಗಿಸುತ್ತಿದ್ದರು. ನೋವು ತಿನ್ನುತ್ತಿದ್ದ ಹೆಂಗಸರೂ ನಕ್ಕುಬಿಡುತ್ತಿದ್ದರು.

ನಾನೋ ಹುಟ್ಟಾ ಪುಕ್ಕಲಿ. ಗಂಡ ಪಾಳಿಗೆ ಇಳಿಯುವ ದಿನವೆಲ್ಲಾ ದೇವರುಗಳ ಬೆನ್ನು ಬೀಳುತ್ತಿದ್ದೆ. ಕೋಲಾರಮ್ಮನಿಗೆ ಒಂದು ಹರಕೆ, ತಿರುಪತಿ ತಿಮ್ಮಪ್ಪನಿಗೆ ಒಂದು, ತವರೂರಿನ ಬೇವಿನ ಮರದ ಕೆಳಗಿನ ಕಲ್ಲಿಗೂ ಒಂದು. ಒಬ್ಬರಿಗೆ ಕೇಳಿಸದಿದ್ದರೆ ಇನ್ನೊಬ್ಬರಿಗಾದರೂ ಕೇಳಿಸಲಿ ಎಂದು. ದೊರೆಸಾನಮ್ಮ ಬೆಳಿಗ್ಗೆ ನನ್ನ ಮುಖ ನೋಡಿದ್ದೇ "ಇವತ್ತು ಎಷ್ಟು ಜನಕ್ಕೆ ಏಳಿ ಬಂದೆ?" ಎಂದು ಕಾಡಿಸುತ್ತಿದ್ದರು.

ಅವರದು ಬೇರೆ ಪದ್ಧತಿ. ಯಾವ ವಿಷಯವನ್ನೇ ಆಗಲಿ ದೇವರಲ್ಲಿ ಒಂದೇ ಸಲ ಕೇಳುವುದು. ಕಣ್ಣು ಮುಚ್ಚಿ, ಪಕ್ಕದ ಮನೆಯವರ ಹತ್ತಿರ ಮಾತಾಡಿದಷ್ಟು ಸಲೀಸಾಗಿ ಹೇಳಿ, "ಆಮೆನ್" ಎಂದು ಎದ್ದರೆ ಮುಗಿಯಿತು. ಮತ್ತೆ ಆ ಮಾತೆತ್ತುತ್ತಿರಲಿಲ್ಲ. ನನಗೆ ಇದು ಉಡಾಫೆಯಂತೆ ಕಾಣುತ್ತಿತ್ತು. ಒಂದು ದಿನ ಬಟ್ಟೆಗಳನ್ನು ಕುದಿಸುತ್ತಾ, ಒಂದೇ ಸಲ ಸಾಕಾ ಎಂದು ಕೇಳಿಯೇಬಿಟ್ಟೆ. ಅವರೆಂದರು: "ಅವನೇನು ಕಿವುಡನಾ? ನಾನು ಇಂಗ್ಲೆಂಡಲ್ಲಿ ಅಡಗು ಅತ್ತೋವಾಗ ನನ್ನ ತಾಯಿಯನ್ನ ಅವನ ಕೈಗೆ ಕೊಟ್ಟು ಬಂದೆ. ದಿನಾ ವಾಪಸ್ ಕಿತ್ಕೊಂಡು ದಿನಾ ಕೊಡ್ತಾ ಇದ್ರೆ, ಆ ಮುದುಕಿಗೂ ನೆಮ್ಮದಿ ಇಲ್ಲ, ಅವನಿಗೂ ಇಲ್ಲ."

ಕ್ರೈಸ್ತಳಾಗುತ್ತೀಯಾ ಎಂದು ನನ್ನನ್ನೂ ಒಂದು ಸಲ ಕೇಳಿದರು. "ಇಲ್ಲಮ್ಮಾ, ನಮ್ಮ ದೇವ್ರು ನಮಗಿರ್ಲಿ" ಎಂದೆ. ಅವರ ಮುಖ ಸಣ್ಣಗಾಯಿತು. ಆದರೆ ಮತ್ತೆಂದೂ ಕೇಳಲಿಲ್ಲ.

ಯುದ್ಧದ ಕಾಲ. ನಂದಿದುರ್ಗದ ಲೈನಿನಿಂದ ಹೆರಿಗೆಗೆ ಕರೆ ಬಂತು. ರೈಲು ಹಿಡಿದು ಹೋದೆವು. ತಮಿಳರ ಮನೆ, ತಡಿಕೆ ಗೋಡೆ, ತಗಡಿನ ಸೂರು. ಒಳಗೆ ಹೆರುವ ಹುಡುಗಿ ಮತ್ತು ಅವಳ ಅತ್ತೆ. ಅವಳ ಗಂಡನೂ ನನ್ನ ಗಂಡನೂ ಅವತ್ತು ಒಂದೇ ಪಾಳಿಯಲ್ಲಿ ಕೆಳಗಿಳಿದಿದ್ದರು. ಮಗು ತಿರುಗಿಕೊಂಡಿದೆ, ಕಾಲು ಮುಂದಾಗಿದೆ ಎಂದು ದೊರೆಸಾನಮ್ಮ ಕಂಡುಕೊಂಡ ಹೊತ್ತಿಗೆ ಸರಿಯಾಗಿ ನೆಲ ಕೆಳಗಿನಿಂದ ಒದ್ದಿತು. ತಗಡು ಗಡಗಡ ಎಂದಿತು. ಗೂಡಿನ ಪಾತ್ರೆಗಳೆಲ್ಲ ಉರುಳಿದವು. ಗಣಿಯವರಿಗೆ ಅದು ಏನೆಂದು ಹೇಳಬೇಕಾಗಿಲ್ಲ. ಆಳದಲ್ಲಿ ಬಂಡೆ ಸಿಡಿದಿತ್ತು. ಏರ್‌ಬ್ಲಾಸ್ಟ್ ಎಂದು ಕೂಗುತ್ತಾ ಲೈನಿನ ಹೆಂಗಸರೆಲ್ಲಾ ತಲೆಗೂದಲು ಕಟ್ಟಿಕೊಳ್ಳದೆ ಗಣಿಯ ಬಾಯಿಯ ಕಡೆ ಓಡಿದರು. ಅತ್ತೆಯೂ "ಐಯೋ, ಎನ್ ಪುಳ್ಳೆ!" ಎಂದು ಮಗನಿಗಾಗಿ ಕೂಗುತ್ತಾ ಓಡಿದಳು.

ನಾನೂ ಬಾಗಿಲಿಗೆ ಹಾರಿದ್ದೆ. ದೊರೆಸಾನಮ್ಮ ನನ್ನ ಮಣಿಕಟ್ಟು ಹಿಡಿದರು. ಇನ್ನೊಂದು ಕೈ ಆ ಹುಡುಗಿಯ ಹೊಟ್ಟೆಯ ಮೇಲಿತ್ತು. ಕಣ್ಣು ಮುಚ್ಚಿ ಇಬ್ಬರು ಗಂಡಸರ ಹೆಸರನ್ನೂ ಹೇಳಿ, "ತಂದೆಯೇ, ಇವರನ್ನು ನಿನಗೆ ಒಪ್ಪಿಸಿದ್ದೇವೆ" ಎಂದರು. ಕಣ್ಣು ತೆರೆದು, "ಬಿಸಿನೀರು ತಾ" ಎಂದರು.

"ಇನ್ನೊಂದು ಕಿತ ಏಳಿ ಅಮ್ಮಾ" ಎಂದು ನಾನು ಗೋಗರೆದೆ.

"ಏಳಿ ಆಯ್ತು."

ನನಗೆ ಮೈಯೆಲ್ಲಾ ಉರಿದುಹೋಯಿತು. "ನಿಮಗೇನು! ನಿಮ್ಮೋರು ಯಾರು ಅವ್ರೆ ಕೆಳಗೆ?" ಎಂದು ಅರಚಿದೆ.

ಅವರು ಸಿಟ್ಟಾಗಲಿಲ್ಲ. "ನನ್ನ ತಾಯಿ ಇರೋ ಊರಿನ ಮೇಲೆ ಬಾಂಬು ಬೀಳ್ತಾ ಇದೆ ಮಗಳೇ. ಬದುಕಿದಾಳೋ ಇಲ್ವೋ ನನಗೆ ಗೊತ್ತಿಲ್ಲ" ಎಂದರು. ಆಮೇಲೆ, "ಓಗಬೇಕು ಅಂದ್ರೆ ಓಗು, ನಾನು ಕಟ್ಟಿಹಾಕಲ್ಲ. ಅಲ್ಲಿ ನಿಂತು ನೋಡೋಕೆ ಬೇಕಾದಷ್ಟು ಜನ ಅವ್ರೆ. ಇಲ್ಲಿ ನೀನೊಬ್ಬಳೇ" ಎಂದು ನನ್ನ ಮಣಿಕಟ್ಟು ಬಿಟ್ಟುಬಿಟ್ಟರು.

ಹಿಡಿದೇ ಇದ್ದಿದ್ದರೆ ಕೊಸರಿಕೊಂಡು ಓಡುತ್ತಿದ್ದೆನೇನೋ. ಬಿಟ್ಟರಲ್ಲ, ಕಾಲು ಏಳಲಿಲ್ಲ. ಆ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ನಾನು ಹೋಗಿ ನೀರು ತಂದೆ. ಆಮೇಲಿನದು ಬರೀ ಕೆಲಸ. ಅವರು ಹೇಳಿದ ಕಡೆ ಒತ್ತಿದೆ, ಹೇಳಿದ ಕಡೆ ಹಿಡಿದೆ. ಮಗುವಿನ ತಲೆ ಸಿಕ್ಕಿಕೊಂಡಾಗ ನನ್ನ ಗಂಡನ ನೆನಪೇ ನನಗಿರಲಿಲ್ಲ. ಈಗಲೂ ಅದು ನನಗೆ ಆಶ್ಚರ್ಯ. ಹೆಣ್ಣು ಮಗು, ನೀಲಿಗಟ್ಟಿತ್ತು. ದೊರೆಸಾನಮ್ಮ ಬೆನ್ನು ತಿಕ್ಕಿ ಬಾಯಲ್ಲಿ ಉಸಿರು ಊದಿದರು. ಅತ್ತಿತು.

ಸಂಜೆಯ ಹೊತ್ತಿಗೆ ನನ್ನ ಗಂಡ ಮೈತುಂಬಾ ಕಲ್ಲಿನ ಪುಡಿ ಮೆತ್ತಿಕೊಂಡು ಬಂದು ಬಾಗಿಲಲ್ಲಿ ನಿಂತ. ಒಳಗೆ ಬರಲಿಲ್ಲ. ಅವನ ಮುಖ ನೋಡಿಯೇ ಆ ಹುಡುಗಿಗೆ ಗೊತ್ತಾಯಿತು. ಅವಳ ಗಂಡ ಮೇಲೆ ಬರಲಿಲ್ಲ.

ಮಾರನೆಯ ದಿನ ರೈಲಿನಲ್ಲಿ ನಾನು ದೊರೆಸಾನಮ್ಮನ ಮುಖವನ್ನು ನೋಡಲಾರದೆ ಕೂತಿದ್ದೆ. ಕಡೆಗೆ ತಡೆಯಲಾರದೆ, "ಇಬ್ಬರ ಎಸರೂ ಏಳಿದ್ರಿ. ಒಬ್ಬನ್ನ ಯಾಕೆ ಮೇಲಕ್ಕೆ ಕಳಿಸಿಲ್ಲ ನಿಮ್ಮ ದೇವ್ರು?" ಎಂದೆ. ಅವರು ಕಿಟಕಿಯಾಚೆ ನೋಡುತ್ತಾ ಅಳುತ್ತಿದ್ದರು, ಮೂಗು ಕೆಂಪಗಾಗಿತ್ತು. "ನನಗೆ ಗೊತ್ತಿಲ್ಲ" ಎಂದರು. "ಗೊತ್ತಿದ್ರೆ ನಂಬೋದು ಏನಿದೆ?" ದೇವರ ಪರವಾಗಿ ವಕಾಲತ್ತು ವಹಿಸಿ ಒಂದು ಮಾತನ್ನೂ ಆಡಲಿಲ್ಲ. ನನಗೆ ಅವರ ಮೇಲೆ ಪೂರಾ ನಂಬಿಕೆ ಬಂದದ್ದು ಅವತ್ತೇ.

ಆ ಹುಡುಗಿ ಬಾಣಂತಿಯಾಗಿದ್ದಷ್ಟು ದಿನವೂ ಅವರು ರೈಲು ಹತ್ತಿ ಹೋಗಿ ಕೂಸಿಗೆ ನೀರು ಹಾಕಿ ಬರುತ್ತಿದ್ದರು. ಆಮೇಲೆ ತಾಯಿ ಮಗು ಇಬ್ಬರನ್ನೂ ಬಂಗಾರಪೇಟೆಗೆ ಕರೆತಂದು ಆಸ್ಪತ್ರೆಯಲ್ಲೇ ಕೆಲಸ ಕೊಟ್ಟರು. ಇಂಗ್ಲೆಂಡಿನಿಂದ ತಾಯಿಯ ಸಾವಿನ ಸುದ್ದಿ ಬಂದ ದಿನ ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಅತ್ತರು. ಬಾಗಿಲು ತೆಗೆದು ಬಂದು, ನಾನು ಇಟ್ಟ ಮುದ್ದೆ ಉಂಡರು. ಚಿಂತೆ ಬಿಟ್ಟವರಿಗೆ ದುಃಖ ಇಲ್ಲವೆಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ.

ಯುದ್ಧ ಮುಗಿದ ಮೇಲೆ ಅವರಿಗೆ ಜ್ವರ ಹಿಡಿಯಿತು. ಇಳಿಯಲೇ ಇಲ್ಲ. ಊರಿಗೆ ಹೋಗಿ ಎಂದು ಮಿಷನ್ನಿನವರು ಹೇಳಿದರೆ "ಇದೇ ಊರು" ಎಂದರು. ಒಂದು ಬೆಳಿಗ್ಗೆ, ಉಸಿರಾಟ ಕೆಟ್ಟಿದ್ದಾಗ, ಕಾಮಸಮುದ್ರದ ಆಚೆಯ ಹಳ್ಳಿಯಿಂದ ಗಾಡಿ ಬಂತು. ನೋವು ಶುರುವಾಗಿ ಮೂರು ದಿನ, ಮಗು ಅಡ್ಡ ಸಿಕ್ಕಿದೆ ಎಂದರು. ನಾನು ಅವರ ಮಂಚದ ಅಂಚು ಹಿಡಿದು ಕೂತಿದ್ದೆ. ಬಿಟ್ಟು ಹೋದರೆ ಮತ್ತೆ ಸಿಗುವುದಿಲ್ಲವೆಂದು ನನಗೂ ಗೊತ್ತು, ಅವರಿಗೂ ಗೊತ್ತು. ಮಾತಾಡಲು ಅವರಿಗೆ ತ್ರಾಣವಿರಲಿಲ್ಲ. ಪೆಟ್ಟಿಗೆಯ ಕಡೆ ಕಣ್ಣು ಹೊರಳಿಸಿದರು.

ಅವತ್ತು ನೆಲ ಒದ್ದಾಗ ಹೆತ್ತ ಆ ಹುಡುಗಿ, ಆಗ ನಮ್ಮ ಆಸ್ಪತ್ರೆಯ ಆಯಾ, ನನ್ನ ಹೆಗಲು ಮುಟ್ಟಿ, "ನೀ ಓಗು ಅಕ್ಕಾ. ನಾ ಇರ್ಕೇನ್" ಎಂದಳು. ನಾನು ಕೋಲಾರಮ್ಮನಿಗೆ ದೊರೆಸಾನಮ್ಮನ ವಿಷಯ ಒಂದು ಸಲ ಹೇಳಿದೆ. ಪೆಟ್ಟಿಗೆ ಎತ್ತಿಕೊಂಡು ಗಾಡಿ ಹತ್ತಿದೆ.

ತಾಯಿ ಮಗು ಎರಡೂ ಉಳಿದವು. ಮಾರನೆಯ ದಿನ ನಾನು ಬರುವ ಹೊತ್ತಿಗೆ ದೊರೆಸಾನಮ್ಮನವರ ಮಣ್ಣಾಗಿತ್ತು. ಕಡೆಗಳಿಗೆಯಲ್ಲಿ ನೀನೇ ಹತ್ತಿರ ಇರಲಿಲ್ಲವಲ್ಲ ಎಂದು ನೆರೆಯವರು ಮರುಗಿದರು, ಇಂದಿಗೂ ಕೆಲವರು ಮರುಗುತ್ತಾರೆ. ನಾನು ಅವರಿಗೆ ಹೇಳುವುದಿಷ್ಟೇ: ನಾನು ಇರಬೇಕಾದ ಕಡೆಯೇ ಇದ್ದೆ.